ಹರ್ತಿಯ ಹೇಮಪ್ಪ ಬೆಂಗಳೂರಿನಲ್ಲಿ ಕಂಡುಹಿಡಿದ ಖಾನಾವಳಿ

ಕನ್ನಡನಾಡು ಒಂದಾಯಿತೆಂಬುದು ಹರ್ತಿಯ ಜನಕ್ಕೆ ಮೊದಲು ತಿಳಿದದ್ದು ಹೊಟ್ಟೆಯಿಂದ.

ಅದಕ್ಕೆ ಮುಂಚೆ ಗದಗಿನ ಕಾಗದಪತ್ರಗಳೆಲ್ಲ ಮುಂಬೈಗೆ ಹೋಗುತ್ತಿದ್ದವು. ಶಿರಹಟ್ಟಿಯವರು ಸಾಂಗಲಿಯ ಕಡೆಗೂ ಲಕ್ಷ್ಮೇಶ್ವರದವರು ಮಿರಜದ ಕಡೆಗೂ ಮುಖ ಮಾಡಿ ಕೈಮುಗಿದ ಕಾಲವೂ ಒಂದಿತ್ತು. ಯಾವ ಕಡೆ ಹೋದರೂ ಬೆಳಗಾವಿಯವರೆಗೆ ಜೋಳದ ರೊಟ್ಟಿ ಸಿಗುತ್ತಿತ್ತು. ಬೆಳಗಾವಿ ದಾಟಿದರೆ ಅದೇ ರೊಟ್ಟಿ ಭಾಕರಿ ಎಂಬ ಹೆಸರಿನಲ್ಲಿ ಸಿಗುತ್ತಿತ್ತು. ನವೆಂಬರದಲ್ಲಿ ರಾಜ್ಯ ಒಂದಾಯಿತು. ಗದಗಿನಲ್ಲಿ ಪೇಡೆ ಹಂಚಿದರು, ಭಾಷಣ ಮಾಡಿದರು. ಇನ್ನು ಮುಂದೆ ಸರಕಾರದ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕು, ಬೆಂಗಳೂರಿನಲ್ಲಿ ರೊಟ್ಟಿ ಇಲ್ಲ ಎಂಬ ಮಾತನ್ನು ಮಾತ್ರ ಯಾವ ಭಾಷಣಕಾರನೂ ಹೇಳಲಿಲ್ಲ.

ಹರ್ತಿಗೊಂದು ದವಾಖಾನೆ ಬೇಕೆಂಬ ಅರ್ಜಿ ಮುಂಬೈಯಲ್ಲಿ ವರ್ಷಗಟ್ಟಲೆ ಮಲಗಿತ್ತು. ರಾಜ್ಯ ಒಂದಾದಾಗ ಅದನ್ನು ಎಬ್ಬಿಸಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಅದು ಮಗ್ಗುಲು ಬದಲಿಸಿ ಮತ್ತೆ ಮಲಗಿತು. ಅದನ್ನು ಎಬ್ಬಿಸಲು ಊರ ಗೌಡರಾದ ಪುಂಡಲೀಕಪ್ಪನವರು ಹೊರಟರು.

ಗೌಡರು ಸಾಮಾನ್ಯವಾಗಿ ಎಲ್ಲಿಗೂ ಹೊರಡುವವರಲ್ಲ. ಹೊರಟರೆ ಬೆಕ್ಕು ಅಡ್ಡ ಬರುತ್ತಿತ್ತು. ಬೆಕ್ಕು ಬರದಿದ್ದರೆ ಯಾರಾದರೂ ಸೀನುತ್ತಿದ್ದರು. ಯಾರೂ ಸೀನದಿದ್ದರೆ ಇದೇನು ಯಾರೂ ಸೀನಲಿಲ್ಲವಲ್ಲ ಎಂಬ ಅನುಮಾನ ಬಂದು ಅವರೇ ಹಿಂದಿರುಗುತ್ತಿದ್ದರು. ಸಾವಿನ ಸೂತಕವೆಂದರೆ ಅವರಿಗೆ ಎಲ್ಲಕ್ಕಿಂತ ಹೆಚ್ಚಿನ ಭಯ. ಹಿಂದೊಮ್ಮೆ ಅವರ ಸ್ವಂತ ತಮ್ಮ ಸಾವಾದ ಮನೆಯಿಂದ ನಾಲ್ಕು ಬಾಳೆಹಣ್ಣು ತಂದು ಅಟ್ಟದ ಮೇಲಿಟ್ಟಿದ್ದ. ಗೌಡರು ಅಟ್ಟ ತೊಳೆಸಿದರು, ಬಾವಿಯ ನೀರು ಹೊರಹಾಕಿಸಿದರು, ಕೊನೆಗೆ ತಮ್ಮನನ್ನೂ ಹೊರಹಾಕಿದರು. ಅವನು ಈಗ ಮುಂಡರಗಿಯಲ್ಲಿದ್ದಾನೆ.

ಅವರ ಜೊತೆಗೆ ಬುತ್ತಿಯ ಗಂಟು ಹೊರಲು ಹೊರಟವನು ಹೇಮಪ್ಪ.

ಹೇಮಪ್ಪ ಹರ್ತಿಯವನಲ್ಲ, ಹರ್ತಿಯ ಉಡಚವ್ವನ ಮನೆ ಅಳಿಯ. ಮಗಳು ಸಾವಂತ್ರೆವ್ವನನ್ನು ಕೊಟ್ಟು ಉಡಚವ್ವ ಅವನನ್ನು ಮನೆಯಲ್ಲೇ ಇಟ್ಟುಕೊಂಡಿದ್ದಳು. ಹೊಲ ಆಕೆಯದು, ಎತ್ತು ಆಕೆಯವು, ಮಾತೂ ಆಕೆಯದೇ. ಆಕೆ ಅಳಿಯನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವಳಲ್ಲ. "ಅಳ್ಯಾರ, ನೀವು ಸುಮ್ನ ಕುಂಡ್ರಿ" ಎನ್ನುತ್ತಿದ್ದಳು. ಆ ಬಹುವಚನಕ್ಕಿಂತ ದೊಡ್ಡ ಬೈಗುಳ ಹರ್ತಿಯಲ್ಲಿ ಇರಲಿಲ್ಲ. ಹೇಮಪ್ಪ ಅನೇಕ ವರ್ಷಗಳಿಂದ ಸುಮ್ಮನೆ ಕುಳಿತಿದ್ದ.

ಬುತ್ತಿಯಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಇದ್ದವು. ಹೇಮಪ್ಪ ಅದನ್ನು ರೈಲಿನಲ್ಲಿ ರಾತ್ರಿಯಿಡೀ ಕಣ್ಣಿನಲ್ಲಿ ಕಣ್ಣಿಟ್ಟು ಕಾಯ್ದ. ಬೆಂಗಳೂರಿನಲ್ಲಿ ಇಳಿದು ಛತ್ರಕ್ಕೆ ಹೋಗಿ ಗಂಟು ಬಿಚ್ಚಿದರೆ ಒಳಗೆ ಯಾರೋ ಹೊದೆಯುವ ಹಳೆಯ ಕೌದಿ ಇತ್ತು. ಅವನು ಕಾಯ್ದದ್ದು ಎದುರಿನವರ ಗಂಟು.

ಗೌಡರು ಕೌದಿಯನ್ನು ನೋಡಿದರು. ಹೇಮಪ್ಪನನ್ನು ನೋಡಿದರು.

"ಇದನ್ನ ಚಟ್ನಿ ಹಚಗೊಂಡು ತಿನ್ನೂದೋ, ಹಂಗ ತಿನ್ನೂದೋ?" ಎಂದರು.

ಹೋಟೆಲಿಗೆ ಹೋಗುವುದು ಅನಿವಾರ್ಯವಾಯಿತು. ಮಾಣಿ ಬಂದು ಇದ್ದ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಏನ್ ಕೊಡ್ಲಿ ಸ್ವಾಮಿ?" ಎಂದ. ಗೌಡರು "ರೊಟ್ಟಿ" ಎಂದರು. ಅವನು ಖುಷಿಯಿಂದ ಅಕ್ಕಿರೊಟ್ಟಿ ತಂದಿಟ್ಟ. ಗೌಡರು ಒಂದು ತುಂಡು ಮುರಿದು ಬಾಯಿಗಿಟ್ಟು, ನಂಬಿದವರಿಂದ ಮೋಸಹೋದವರಂತೆ, "ಇದರಾಗೂ ಅಕ್ಕಿ ಹಾಕ್ಯಾರಲೇ ಹೇಮ್ಯಾ" ಎಂದರು. ಆಮೇಲೆ ಅನ್ನ ಬಂತು. ಅನ್ನದ ಮೇಲೆ ಸಿಹಿಯಾದ ಸಾರು ಬಂತು, ಅದು ಮುಗಿಯುವುದರೊಳಗೆ ಮತ್ತೆ ಅನ್ನ ಬಂತು. ಕಚೇರಿಯಲ್ಲಿ "ನಾಳೆ ಬನ್ನಿ" ಎಂದರು. ನಾಳೆ ಹೋದರೆ ಮತ್ತೆ "ನಾಳೆ ಬನ್ನಿ" ಎಂದರು. ನಡುವೆ ಅನ್ನ.

ಎರಡನೆಯ ದಿನ ಮಧ್ಯಾಹ್ನ ಗೌಡರು ಛತ್ರದಲ್ಲಿ ಮಲಗಿ ಗೋಡೆಯ ಕಡೆ ತಿರುಗಿದರು.

"ಲೇ, ಇಷ್ಟ ದೊಡ್ಡ ಊರಾಗ ಎಲ್ಲೆರ ಒಂದು ಖಾನಾವಳಿ ಇದ್ದ ಇರ್ತತಿ. ಹುಡುಕು. ರೊಟ್ಟಿ ಸಿಕ್ರ ಬಾ. ಸಿಗದಿದ್ರ ಬರಬ್ಯಾಡ, ಹಂಗ ಅಲ್ಲೇ ಎಲ್ಲೆರ ಇರು."

ಹೇಮಪ್ಪ ಹೊರಟ.

ಗದಗಿನವರು ಖಾನಾವಳಿಯನ್ನು ಬೋರ್ಡು ನೋಡಿ ಗುರುತಿಸುವುದಿಲ್ಲ, ಏಕೆಂದರೆ ಅದಕ್ಕೆ ಬೋರ್ಡು ಇರುವುದಿಲ್ಲ. ಅದೊಂದು ಮನೆ. ಹೊಸ್ತಿಲ ಹೊರಗೆ ಗಂಡಸರ ಚಪ್ಪಲಿಗಳ ಸಾಲು, ಪಡಸಾಲೆಯಲ್ಲಿ ಉಣ್ಣುವವರ ಪಂಕ್ತಿ, ಒಳಗೆ ಹೆಂಗಸರು ರೊಟ್ಟಿ ಬಡಿಯುವ ಸಪ್ಪಳ. ಈ ಮೂರಿದ್ದರೆ ಖಾನಾವಳಿ. ಚಾಮರಾಜಪೇಟೆಯ ಒಂದು ಸಣ್ಣ ಓಣಿಯಲ್ಲಿ ಹೇಮಪ್ಪನಿಗೆ ಮೊದಲು ಸಪ್ಪಳ ಕೇಳಿತು. ತಿರುವಿನಲ್ಲಿ ಚಪ್ಪಲಿಗಳು ಕಂಡವು. ಬಾಗಿಲಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಪ್ಪ ಮೀಸೆಯ ಮನುಷ್ಯನೊಬ್ಬ ನಿಂತಿದ್ದ. ಮ್ಯಾನೇಜರನೇ ಸರಿ.

"ಆಫೀಸಿನವರೇನ್ರಿ?" ಎಂದು ಅವನು ಮೆತ್ತಗೆ ಕೇಳಿದ.

ಎರಡು ದಿನದಿಂದ ಆಫೀಸಿನ ಮೆಟ್ಟಿಲ ಮೇಲೆಯೇ ಇದ್ದ ಹೇಮಪ್ಪ, "ಹೌದ್ರಿ, ಆಫೀಸಿನ ಕಡೆಯಿಂದನ ಬಂದೆ" ಎಂದ.

ಅವನು ಬಾ ಎನ್ನಲಿಲ್ಲ. ಒಳಗೆ ಕೈ ತೋರಿಸಿದನಷ್ಟೆ.

ಪಡಸಾಲೆಯಲ್ಲಿ ಗಂಡಸರು ಸಾಲಾಗಿ ಕೂತು ಉಣ್ಣುತ್ತಿದ್ದರು. ಮಾತಿಲ್ಲ. ಬಡಿಸುವವರು ಬಡಿಸುತ್ತಿದ್ದರು, ಇನ್ನಷ್ಟು ಎಂದು ಒತ್ತಾಯವಿಲ್ಲ. ಹರ್ತಿಯಲ್ಲಿ ಯಾರಾದರೂ ಸತ್ತರೆ ಇಡೀ ಓಣಿ ಎದೆ ಬಡಿದುಕೊಂಡು ಅಳುತ್ತದೆ; ಸತ್ತವನ ಗುಣಗಳನ್ನು ಹಾಡಿಕೊಂಡು ಹೆಂಗಸರು ಅಂಗಳದಲ್ಲಿ ಹೊರಳಾಡುತ್ತಾರೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಆದ್ದರಿಂದ ಹೇಮಪ್ಪ ಇದು ದೊಡ್ಡ ಊರಿನ ಶಿಸ್ತು ಎಂದು ತಿಳಿದ. ಎಲೆಗೆ ಬಿಸಿ ರೊಟ್ಟಿ ಬಿತ್ತು, ಬದನೆಕಾಯಿ ಎಣ್ಣೆಗಾಯಿ ಬಿತ್ತು, ಮಡಕೆಕಾಳಿನ ಪಲ್ಯ, ಗೋಧಿ ಹುಗ್ಗಿ. ಅವನು ತಲೆ ತಗ್ಗಿಸಿ ಉಂಡ. ತಲೆ ಎತ್ತಿದಾಗ ಎದುರು ಗೋಡೆಯ ಮೇಲೆ ಚಶ್ಮಾ ಹಾಕಿದ ತರುಣನೊಬ್ಬನ ಫೋಟೋ ಕಂಡಿತು. ಅದಕ್ಕೆ ಹೂವಿನ ಹಾರ, ಕೆಳಗೆ ದೀಪ.

"ಫೋಟೋದಾಗಿನವರು ಇಲ್ಲಿನ ಮಾಲಕರೇನ್ರಿ?" ಎಂದು ಪಕ್ಕದವನನ್ನು ಕೇಳಿದ.

"ಹೌದ್ರಿ, ಈ ಮನಿ ಯಜಮಾನ್ರು." ಅವನೂ ಧಾರವಾಡದ ಕಡೆಯವನೇ.

"ಸಣ್ಣ ವಯಸ್ಸದಾವ್ರು ಕಾಣ್ತಾರಲ್ರಿ."

"ಭಾಳ ಸಣ್ಣ ವಯಸ್ಸು" ಎಂದು ಪಕ್ಕದವನು ನಿಟ್ಟುಸಿರು ಬಿಟ್ಟ.

"ಎಲ್ಲಿ, ಕಾಣವಲ್ರು?"

ಪಕ್ಕದವನು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಕಣ್ಣನ್ನು ಮೇಲಕ್ಕೆತ್ತಿದ. ಹೇಮಪ್ಪನೂ ಮೇಲೆ ನೋಡಿದ. ಮಾಲಕರು ಮಾಳಿಗೆಯ ಖೋಲಿಯಲ್ಲಿ ಮಲಗಿರಬೇಕು. ಇಷ್ಟು ಮಂದಿ ಉಣ್ಣುವ ಹೊತ್ತಿನಲ್ಲಿ ಮಲಗುವುದು ಸರಿಯಲ್ಲ ಎನಿಸಿತು. ಆದರೆ ಹೇಳಲಿಲ್ಲ.

ಆಚೆ ಬದಿಯಲ್ಲಿ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. "ಈ ಮನಿ ಖಾಲಿ ಮಾಡ್ತಾರಂತ. ಹುಡುಗೀನ ಕೊರ್ಲಹಳ್ಳಿಗೆ ಒಯ್ತಾರಂತ." "ಕೊರ್ಲಹಳ್ಳ್ಯಾಗ ಏನೈತ್ರಿ ಆಕೀಗೆ? ಹಿಂದಿನ ಖೋಲಿ. ಸಾಯೂತನಾ ಅದರಾಗ."

ಹೇಮಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಷ್ಟು ಕಷ್ಟಪಟ್ಟು ಹುಡುಕಿದ ಖಾನಾವಳಿ ಮುಚ್ಚುತ್ತಾರಂತೆ! ಅವನು ಎಂಜಲು ಕೈಯಲ್ಲೇ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದ. ಒಲೆಯ ಮುಂದೆ ವಯಸ್ಸಾದ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಗೋಡೆಗೆ ಒರಗಿ ಒಬ್ಬಳು ಹುಡುಗಿ ಕೂತಿದ್ದಳು, ಎಲ್ಲೂ ನೋಡದ ಕಣ್ಣು.

"ಬಂದ್ ಮಾಡ್ತೀರಂತಲ್ರೆವಾ?" ಎಂದ ಹೇಮಪ್ಪ. "ಹಂಗ ಮಾಡಬ್ಯಾಡ್ರಿ. ಹುಬ್ಬಳ್ಳಿ ದಾಟಿದ ಮ್ಯಾಲ ಈ ರೊಟ್ಟಿ ಕಂಡೇ ಇಲ್ಲ ನಾವು. ನೀವು ಬಾಗಲಾ ಹಾಕಿದ್ರ ನಮ್ಮಂಥಾವ್ರು ಎಲ್ಲಿ ಹೋಗಬೇಕು? ಛತ್ರದಾಗ ನಮ್ಮ ಗೌಡ್ರು ಹಸಗೊಂಡು ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾರ. ಅವರಿಗೆರಡು ಕಟ್ಟಿ ಕೊಡ್ರಿ."

"ಈ ಮನಿ ಊಟಾ ಹೊರಗ ಒಯ್ಯಬಾರದಪಾ" ಎಂದಳು ಮುದುಕಿ ಗಾಬರಿಯಿಂದ.

ಹುಬ್ಬಳ್ಳಿಯ ಖಾನಾವಳಿಗಳಲ್ಲೂ ಇದೇ ಕಾಯಿದೆ ಇತ್ತು. ಹೇಮಪ್ಪ ಗೋಗರೆಯುತ್ತ ನಿಂತ. ಆಗ ಗೋಡೆಗೊರಗಿದ್ದ ಹುಡುಗಿ ಎದ್ದಳು. ಒಂದು ಅರಿವೆಯಲ್ಲಿ ರೊಟ್ಟಿ ಪಲ್ಯ ಕಟ್ಟಿದಳು.

"ಯಾವೂರ್ರಿ?" ಎಂದಳು. ದನಿ ಒಡೆದಿತ್ತು.

"ಹರ್ತಿ. ಹೇಮಪ್ಪ ಅಂತಾರ."

"ಗಟ್ಟಿ ಹಿಡಕೊರ್ರಿ. ಬಿಸಿ ಐತಿ."

ಹೇಮಪ್ಪನಿಗೆ ಕಣ್ಣು ತುಂಬಿ ಬಂತು. ಹೊಸ್ತಿಲಲ್ಲಿ ತಿರುಗಿ ನಿಂತು, ಇಡೀ ಮನೆಗೆ ಕೇಳುವಂತೆ, "ಬರ್ತೇನ್ರೆವಾ! ಮತ್ತ ಬರ್ತೇನಿ! ನಮ್ಮ ಕಡೆ ಮಂದೀನೆಲ್ಲಾ ಕಳಸ್ತೇನಿ! ಈ ಮನ್ಯಾಗ ದಿನಾ ಹಿಂಗ ಊಟಾ ನಡೀಲಿ!" ಎಂದ.

ಪಂಕ್ತಿಯಲ್ಲಿದ್ದವರೆಲ್ಲ ಉಣ್ಣುವುದನ್ನು ನಿಲ್ಲಿಸಿದರು. ಮುದುಕಿಯ ಕೈ ಬಾಯಿಗೆ ಹೋಯಿತು. ಸಾವಾದ ಮನೆಯಿಂದ ಹೊರಡುವವರು ಬರ್ತೇನಿ ಎನ್ನಬಾರದು, ಅಲ್ಲಿ ಯಾರೂ ಯಾರನ್ನೂ ಬಾ ಎನ್ನಬಾರದು. ಇದು ನಮ್ಮ ಸೀಮೆಯ ಎಳೆಯ ಕೂಸಿಗೂ ಗೊತ್ತು. ಹೇಮಪ್ಪನಿಗೂ ಗೊತ್ತಿತ್ತು. ಆದರೆ ಅವನು ಖಾನಾವಳಿಯಿಂದ ಹೊರಟಿದ್ದ. ಬಾಗಿಲಲ್ಲಿದ್ದ ಮೀಸೆಯವನಿಗೆ "ರೊಕ್ಕಾ ಯಾರ ಕಡೆ ಕೊಡ್ಲಿ?" ಎಂದು ಕೇಳಿದ. ಮೀಸೆಯವನ ಮುಖ ಕಪ್ಪಾಯಿತು. "ನಡೀರಿ" ಎಂದ. ಹೇಮಪ್ಪ ನಡೆದ.

ಗೌಡರು ಎದ್ದು ಕೂತು ಉಂಡರು. ಕೊನೆಯ ಚೂರಿನಿಂದ ಎಣ್ಣೆಯನ್ನೆಲ್ಲ ಒರೆಸಿ ಉಂಡು, ಬೆರಳು ನೆಕ್ಕಿ, ಕಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ಕಚೇರಿಗೆ ಹೋದರೆ ಅರ್ಜಿ ಸಿಕ್ಕಿತು. ಸಿಕ್ಕಿದ್ದಷ್ಟೇ ಅಲ್ಲ, ಮಂಜೂರೂ ಆಯಿತು. ಗೌಡರು ಬಹಳ ಹೊತ್ತು ಯೋಚಿಸಿದರು. ಬೆಕ್ಕು ಇರಲಿಲ್ಲ, ಸೀನು ಇರಲಿಲ್ಲ. ಹೊಸದೆಂದರೆ ಆ ರೊಟ್ಟಿ ಒಂದೇ.

ಊರಿಗೆ ಬಂದವರೇ ಕಟ್ಟೆಯ ಮೇಲೆ ಕೂತು ಸಾರಿದರು. "ಬೆಂಗಳೂರಾಗ ನಮ್ಮ ಹೇಮಪ್ಪಂದು ಒಂದು ಖಾನಾವಳಿ ಗುರ್ತ ಐತಿ. ಅಲ್ಲಿ ರೊಟ್ಟಿ ತಿಂದು ಕಚೇರಿ ಮೆಟ್ಲಾ ಹತ್ರಿ. ಕೆಲಸ ಆತು ಅಂತ ತಿಳೀರಿ."

ಹೇಮಪ್ಪನ ದೆಸೆ ತಿರುಗಿತು. ಬೆಂಗಳೂರಿಗೆ ಹೋಗುವವರೆಲ್ಲ ಉಡಚವ್ವನ ಮನೆಗೆ ಬಂದು ಅವನನ್ನೇ ಕೇಳತೊಡಗಿದರು. ಮೊದಲು ಹರ್ತಿಯವರು, ಆಮೇಲೆ ಲಕ್ಷ್ಮೇಶ್ವರದವರು. ಅವನು ನೆಲದ ಮೇಲೆ ಕಡ್ಡಿಯಿಂದ ಓಣಿ ಕೊರೆದು ತೋರಿಸುತ್ತಿದ್ದ. "ಇಲ್ಲೆ ತಿರಗ್ರಿ. ಸಪ್ಪಳಾ ಕೇಳ್ತತಿ. ಒಳಗ ಹೋದ ಮ್ಯಾಲ ಭಾಳ ಮಾತಾಡಬ್ಯಾಡ್ರಿ, ಅಲ್ಲಿ ಶಿಸ್ತ ಐತಿ. ಹೊಂಡೂವಾಗ ಮಾತ್ರ ಮತ್ತ ಬರ್ತೇವಿ ಅಂತ ಹೇಳ್ರಿ, ಪಾಪ, ಬಂದ್ ಮಾಡೂ ಯೋಚನಿ ಒಳಗ ಅದಾರ." ಕೇಳಿದವರು ಅವನನ್ನು ಹೇಮಪ್ಪನವರು ಎಂದು ಕರೆದರು. ಈ ಬಹುವಚನದಲ್ಲಿ ಬೈಗುಳ ಇರಲಿಲ್ಲ. ಸಾವಂತ್ರೆವ್ವ ಗಂಡನಿಗೆ ಚಹಾದಲ್ಲಿ ಸಕ್ಕರೆ ಹೆಚ್ಚು ಹಾಕಿದಳು.

ಶಿರಹಟ್ಟಿಯ ಅರಳೆ ವ್ಯಾಪಾರಿ ಕಳಕಪ್ಪ ಹೋಗಿ ಬಂದವನು ನೇರ ಹರ್ತಿಗೇ ಬಂದ.

"ಊಟಾ ಏನೋ ಭೇಷ್. ಆದ್ರ ನಾವು ಹೋದಾಗ ಒಬ್ಬಾಕಿ ಮುದುಕಿ ಬಾಗಲಾ ಹಾಕಾಕ ಬಂದ್ಲು. ಹರ್ತಿ ಹೇಮಪ್ಪನವರು ಕಳಿಸ್ಯಾರ ಅಂದ್ವಿ. ಒಳಗಿಂದ ಸಣ್ಣಾಕಿ ಬಂದು ತಗದ್ಲು. ಕುಂಡ್ರಿಸಿ ಬಡಿಸಿದ್ಲು. ರೊಕ್ಕಾ ಕೊಟ್ರ ಮುಟ್ಟವಲ್ಲಳು. ಊರಿಂದ ಜ್ವಾಳದ ಹಿಟ್ಟ ತಂದಿದ್ರ ಕೊಡ್ರಿ, ಇಲ್ಲೆ ಸಿಗೂದಿಲ್ಲ ಅಂದ್ಲು."

ಅಂದಿನಿಂದ ಹೋಗುವವರೆಲ್ಲ ಹಿಟ್ಟಿನ ಗಂಟು ಕಟ್ಟಿಕೊಂಡೇ ಹೋದರು.

ಕಳಕಪ್ಪನ ಮಾತು ಕೇಳುತ್ತ ಜೋಳ ಹಸನು ಮಾಡುತ್ತಿದ್ದ ಉಡಚವ್ವ, ಅವನು ಹೋದಮೇಲೆ ಮೊರ ಕೆಳಗಿಟ್ಟಳು.

"ಅಳ್ಯಾರ, ರೊಕ್ಕಾ ತೊಗೊಳ್ಳಲಾರದ ಖಾನಾವಳಿ ಎಲ್ಲೆರ ಕೇಳೀರೇನು?"

"ದೊಡ್ಡ ಊರ ಅಲ್ರಿ ಅತ್ತಿ."

"ಆ ಸಣ್ಣಾಕಿ ಹಣೀ ಮ್ಯಾಲ ಕುಂಕಮಾ ಇತ್ತೇನು?"

"ನಾ ರೊಟ್ಟಿ ನೋಡಾಕತ್ತಿದ್ದೆ."

ಉಡಚವ್ವ ಅಳಿಯನನ್ನೇ ನೋಡಿದಳು. ಮತ್ತೆ ಮೊರ ಎತ್ತಿಕೊಂಡಳು.

ಒಂದು ಸೋಮವಾರ ಗೌಡರ ಪಡಸಾಲೆಯಲ್ಲಿ ದವಾಖಾನೆಯ ಜಾಗದ ಬಗ್ಗೆ ಊರು ಸೇರಿತ್ತು. ಬಾಗಿಲ ಹಿಂದೆ ಹೆಂಗಸರಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಚಕ್ಕಡಿ ನಿಂತಿತು. ದಪ್ಪ ಮೀಸೆಯ ಮನುಷ್ಯನೊಬ್ಬ ಇಳಿದ, ಅವನ ಹಿಂದೆ ಒಬ್ಬ ಮುದುಕಿ. ಹೇಮಪ್ಪ ಎದ್ದು ನಿಂತ.

"ಗೌಡ್ರ! ಬೆಂಗಳೂರು ಖಾನಾವಳಿ ಮ್ಯಾನೇಜರ ಬಂದಾರ! ಅಡಿಗಿ ಮಾಡೂ ಅವ್ವಾರೂ ಬಂದಾರ!"

ಪಡಸಾಲೆಯಲ್ಲಿ ಸಂತೋಷದ ಗದ್ದಲವಾಯಿತು. ಗೌಡರು ತಾವೇ ಚಾಪೆ ಸರಿಸಿ, "ಬರ್ರಿ, ಬರ್ರಿ, ಮ್ಯಾಲ ಕುಂಡ್ರಿ" ಎಂದರು.

ಬಂದವನು ಕೂಡಲಿಲ್ಲ. "ನಾನು ಕೊರ್ಲಹಳ್ಳಿ ದೇವಪ್ಪ. ಈಕಿ ನಮ್ಮ ಅಕ್ಕ, ಗದಿಗೆವ್ವ. ನಿಮ್ಮೂರಾಗ ಹೇಮಪ್ಪ ಅನ್ನಾವ ಯಾವಾಂವ?"

ಹತ್ತಾರು ಕೈಗಳು ಹೇಮಪ್ಪನನ್ನು ಅಭಿಮಾನದಿಂದ ಮುಂದಕ್ಕೆ ತಳ್ಳಿದವು. "ಇವರ ನೋಡ್ರಿ! ಇವರ!"

"ಹೌದು, ಇವರ" ಎಂದಳು ಗದಿಗೆವ್ವ. "ಬರ್ತೇನಿ ಅಂದಾವ್ರು."

ದೇವಪ್ಪ ಮೀಸೆಯ ಮೇಲೆ ಕೈ ಆಡಿಸಿದ.

"ಅದು ಖಾನಾವಳಿ ಅಲ್ರಿ. ನಮ್ಮ ಅಕ್ಕನ ಮಗಳು ಅಮೃತಿ ಮನಿ. ಆಕಿ ಗಂಡ ಧಾರವಾಡದ ಕಚೇರ್‍ಯಾಗ ಕಾರಕೂನ ಇದ್ದ. ರಾಜ್ಯ ಒಂದಾತು ಅಂತ ಬೆಂಗಳೂರಿಗೆ ಹಾಕಿದ್ರು. ಅಲ್ಲೆ ಜ್ವರಾ ಬಂದು ಸತ್ತ. ಇಂವ ಬಂದು ಉಂಡದ್ದು ಆತನ ದಿವಸದ ಊಟ, ತಿಥಿ ಊಟ."

ಗೌಡರ ಕೈ ನಿಧಾನವಾಗಿ ಹೊಟ್ಟೆಯ ಮೇಲೆ ಬಂತು.

"ಆತು, ಒಬ್ಬ ಹುಚ್ಚ ಬಂದ ಅಂದ್ವಿ" ಎಂದ ದೇವಪ್ಪ. "ಆಮ್ಯಾಲ ದಿನಾ ಯಾರರ ಗಂಡಸರು ಬರಾಕ ಹತ್ಯಾರ. ಗಂಡ ಸತ್ತ ಹುಡುಗಿ ಮನಿಗೆ! ಆಕಿ ತಾನ ಕರದು ಕರದು ಉಣಸ್ತಾಳ ಅಂತ ಕೊರ್ಲಹಳ್ಳ್ಯಾಗ ಮಂದಿ ಮಾತಾಡಾಕತ್ತಾರ. ನಾಳೆ ಹೋಗಿ ಕರಕೊಂಡು ಬರ್ತೇನಿ. ಒಲ್ಲೆ ಅಂತಾಳ. ಅಳತಾಳ. ಅಳ್ಳಿ. ಹಿಂದಿನ ಖೋಲಿ ಖಾಲಿ ಮಾಡಿಸೇನಿ. ಅದಕ್ಕೂ ಮೊದಲು ಮಂದಿ ಮುಂದ ಒಂದು ಮಾತು ಖರೆ ಹೇಳಿಸಬೇಕು. ಆಕಿ ಕರದ್ಲೋ, ಇಂವ ಕಳಿಸಿದನೋ?"

ಗದಿಗೆವ್ವ ಸೆರಗಿನ ಅಂಚನ್ನು ನೋಡುತ್ತ ಹೇಳಿದಳು. "ಬಾಗಲಾ ಹಾಕು ಅಂದೆ ನಾನು. ಹಾಕಲಿಲ್ಲ. ಗಂಡ ಹೋದಾಗಿಂದ ಬಾಯಿ ಬಿಟ್ಟಿರಲಿಲ್ಲ. ಯಾರೂ ಬರ್ತಿರಲಿಲ್ಲ. ಈ ಮಂದಿ ಬಂದು ರೊಟ್ಟಿ ಕೇಳಿದ್ರು. ಎದ್ದು ಹಿಟ್ಟ ಕಲಸಿದ್ಲು."

ಎಲ್ಲರೂ ಹೇಮಪ್ಪನ ಕಡೆ ನೋಡಿದರು. ಆಕೆ ಕರೆದಳು ಎಂದರೆ ಅವನು ಬದುಕಿಕೊಳ್ಳುತ್ತಿದ್ದ. ತಾನೇ ಮೋಸಹೋದವನೆಂದು ಕೈ ಝಾಡಿಸಬಹುದಿತ್ತು. ಕಳಿಸಿದೆ ಎಂದರೆ ಗೌಡರಿಗೆ ಸಾವಿನ ಮನೆಯ ಊಟ ತನ್ನ ಕೈಯಾರೆ ತಂದು ಉಣಿಸಿದೆ ಎಂದು ಊರ ಮುಂದೆ ಒಪ್ಪಿಕೊಂಡಂತೆ. ನಾಲ್ಕು ಬಾಳೆಹಣ್ಣಿಗೆ ತಮ್ಮನನ್ನೇ ಹೊರಹಾಕಿದ ಗೌಡರು ಪರವೂರಿನಿಂದ ಬಂದ ಅಳಿಯನನ್ನು ಎಲ್ಲಿಗೆ ಕಳಿಸಬಹುದು ಎಂದು ಪಡಸಾಲೆಯಲ್ಲಿ ಕೂತವರು ಆಗಲೇ ಊಹಿಸತೊಡಗಿದ್ದರು.

"ಆಕಿ ಕರದಿಲ್ರಿ" ಎಂದ ಹೇಮಪ್ಪ. "ಆಕಿ ಯಾವೂರು ಅಂತ ಕೇಳಿದ್ಲು, ಅಷ್ಟ. ಚಪ್ಪಲ ಇದ್ದು, ಸಪ್ಪಳ ಇತ್ತು. ನಾನ ಖಾನಾವಳಿ ಅಂತ ತಿಳಕೊಂಡೆ. ಕಟ್ಟಿ ಕೊಡ್ರಿ ಅಂತ ಕಾಡಿದೆ. ಮಂದೀನ ಕಳಿಸಿದಾಂವ ನಾನ. ಎಲ್ಲಾ ನಂದ ತಪ್ಪ."

ಗೌಡರು ಎದ್ದು ನಿಂತರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅಂದ್ರ ನಾ ಸಾವಿನ ಮನಿ ಊಟಾ ಉಂಡೇನಿ ಅಂತೀ ಏನು?"

"ಉಂಡ್ರಿ. ಬೆರಳೂ ನೆಕ್ಕಿದ್ರಿ."

"ಉಂಡಿಲ್ಲ!" ಗೌಡರ ಗರ್ಜನೆಗೆ ಚಕ್ಕಡಿಯ ಎತ್ತುಗಳು ಕಿವಿ ನಿಮಿರಿಸಿದವು. "ನಾ ಏನ್ ಉಂಡೆ ಅಂತ ನನಗ ಗೊತ್ತಿಲ್ಲೇನು? ನಾ ಉಂಡದ್ದು ಖಾನಾವಳಿ ಊಟ. ನಾ ಉಂಡೇನಿ ಅಂದ ಮ್ಯಾಲ ಅದು ಖಾನಾವಳಿ. ದೇವಪ್ಪ, ನಿಮ್ಮ ಹುಡುಗಿ ಬೆಂಗಳೂರಾಗ ಖಾನಾವಳಿ ನಡಸ್ತಾಳ. ಗೌಡ್ರು ಉಂಡು ಬಂದಾರ, ದವಾಖಾನಿ ಮಂಜೂರಾಗೇತಿ. ಇನ್ನೊಮ್ಮೆ ಅದಕ್ಕ ಸಾವಿನ ಮನಿ ಅಂದ್ರ ನಾ ಸುಮ್ನಿರಾಂವ ಅಲ್ಲ."

"ಗೌಡ್ರ, ಅವತ್ತ ದಿವಸಾ ಇತ್ರಿ. ನಾನ ನಿಂತು ಮಾಡಿಸೇನಿ."

"ಖಾನಾವಳ್ಯಾಗ ಮಾಡಿಸಿರಬೇಕು."

ಪಡಸಾಲೆಯ ತುಂಬ ತಲೆಗಳು ಆಡತೊಡಗಿದವು. ಆ ಮನೆಯಲ್ಲಿ ಉಂಡು ಬಂದ ಎಷ್ಟೋ ಮಂದಿ ಅಲ್ಲಿದ್ದರು. ಖಾನಾವಳಿ ಎನ್ನುವುದು ಅವರೆಲ್ಲರಿಗೂ ಅನುಕೂಲವಾಗಿತ್ತು. ಕಳಿಸಿದವನೂ ಹಾಗಾದರೆ ಅಪರಾಧಿಯಲ್ಲ. ಇಷ್ಟು ಬೇಗ ಇಷ್ಟು ಜನರ ಮಾನ ಉಳಿಸಿದ ತೀರ್ಪು ಹರ್ತಿಯಲ್ಲಿ ಹಿಂದೆ ಆಗಿರಲಿಲ್ಲ.

"ಆತ್ರಿ, ಖಾನಾವಳಿ ಅನ್ರಿ" ಎಂದ ದೇವಪ್ಪ ಕೊನೆಗೆ. ಅವನ ಸಿಟ್ಟು ಇಳಿದು ಆಯಾಸ ಉಳಿದಿತ್ತು. "ಆದ್ರ ಒಂಟಿ ಹುಡುಗಿ ಹ್ಯಾಂಗ ನಡಸ್ತಾಳ? ಹಿರೇ ಹೆಣಮಗಳು ಒಬ್ಬಾಕಿ ಮನ್ಯಾಗ ಬೇಕು, ಇಲ್ಲಂದ್ರ ಮಂದಿ ಬಾಯಿ ಮುಚ್ಚೂದಿಲ್ಲ. ಅಕ್ಕ ಇನ್ನ ಅಲ್ಲಿರಾಕ ಆಗೂದಿಲ್ಲ, ಊರಾಗ ಆಕಿ ಗಂಡ ಹಾಸಿಗಿ ಹಿಡದಾನ. ಯಾರ ಇರ್ತಾರ? ಹೇಳ್ರಿ ಗೌಡ್ರ, ನಿಮ್ಮನ್ಯಾಗಿಂದ ಕಳಸ್ತೀರೇನು?"

ಗೌಡರು ಸೂರಿನ ಕಡೆ ನೋಡಿದರು. ಉಳಿದವರು ನೆಲ ನೋಡಿದರು. ಗದಿಗೆವ್ವ ಎದ್ದು ಸೆರಗು ಸರಿಮಾಡಿಕೊಂಡಳು. ತೀರ್ಪು ತನ್ನ ಪಾಡಿಗೆ ಉಳಿಯಿತು, ಹುಡುಗಿಗೆ ಹಿಂದಿನ ಖೋಲಿಯೇ ಗತಿ ಎನ್ನುವಂತಾಯಿತು.

"ನಾ ಹೋಗ್ತೇನಿ."

ಬಾಗಿಲ ಹಿಂದಿನಿಂದ ಉಡಚವ್ವ ಹೊರಗೆ ಬಂದಳು. ಗಂಡಸರ ಪಡಸಾಲೆಯಲ್ಲಿ ಆಕೆ ಹಾಗೆ ಬಂದು ನಿಂತದ್ದು ಅದೇ ಮೊದಲು.

"ನನ್ನ ಗಂಡ ಸತ್ತಾಗ ಸಾವಂತ್ರಿ ನನ್ನ ಹೊಟ್ಟ್ಯಾಗಿದ್ಲು. ನನಗೂ ಒಂದು ಹಿಂದಿನ ಖೋಲಿ ಕೊಟ್ಟಿದ್ರು. ಅದು ಹ್ಯಾಂಗಿರ್ತತಿ ಅಂತ ನನಗ ಗೊತ್ತೈತಿ. ಬೆಂಗಳೂರು ಹ್ಯಾಂಗೈತಿ ಅನ್ನೂದು ಗೊತ್ತಿಲ್ಲ."

"ಅತ್ತೀ, ಹೊಲಾ? ಎತ್ತು?" ಎಂದ ಹೇಮಪ್ಪ ಗಾಬರಿಯಿಂದ.

"ನೋಡಕೊ" ಎಂದಳು ಉಡಚವ್ವ.

ಏಕವಚನ ಕೇಳಿ ಹೇಮಪ್ಪ ತನ್ನ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ.

ಅತ್ತೆಯನ್ನು ಬಿಟ್ಟುಬರಲು ಅವನೇ ಹೋದ. ರೈಲಿನಲ್ಲಿ ಉಡಚವ್ವ ರೊಟ್ಟಿ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಹಿಟ್ಟಿನ ಚೀಲದ ಕಾವಲು ಅಳಿಯನಿಗೆ ಕೊಡಲಿಲ್ಲ. ಚಾಮರಾಜಪೇಟೆಯ ಮನೆಗೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಅಮೃತವ್ವ ಬಾಗಿಲು ತೆರೆದಳು. ಬಹಳ ಸೊರಗಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

ಉಡಚವ್ವ ಅವಳ ಹಣೆ ನೋಡಲಿಲ್ಲ, ಗೋಡೆಯ ಫೋಟೋ ನೋಡಲಿಲ್ಲ, ಅಳಲೂ ಇಲ್ಲ. ಅಡಿಗೆಮನೆಗೆ ಹೋಗಿ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದು ನೋಡಿ, ಹೊರಗೆ ಬಂದಳು.

"ನೀ ಉಂಡೀ?"

ಅಮೃತವ್ವ ಆ ಪ್ರಶ್ನೆ ತಿಳಿಯದವಳಂತೆ ನಿಂತಳು. ಆಮೇಲೆ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ನಿನ್ನಿ?"

ಅದಕ್ಕೂ ತಲೆ ಅಲ್ಲಾಡಿಸಿದಳು.

"ಕುಂಡ್ರು. ಅಲ್ಲಲ್ಲ, ಒಳಗಲ್ಲ. ಇಲ್ಲೆ, ಪಂಕ್ತ್ಯಾಗ." ಉಡಚವ್ವ ಎಲೆ ಹಾಸಿ ನೀರು ಚಿಮುಕಿಸಿದಳು. ಹೇಮಪ್ಪನತ್ತ ತಿರುಗಿ, "ನೀ ಹೊರಗ ನಿಂದ್ರು. ಯಾರನೂ ಬಿಡಬ್ಯಾಡ" ಎಂದು ಬಾಗಿಲು ಅರ್ಧ ಮುಚ್ಚಿದಳು.

ಹೇಮಪ್ಪ ಹಸಿದ ಹೊಟ್ಟೆಯಲ್ಲಿ ಮೆಟ್ಟಿಲ ಮೇಲೆ ನಿಂತ. ಸ್ವಲ್ಪ ಹೊತ್ತಿಗೆ ಲಕ್ಷ್ಮೇಶ್ವರದ ಕಡೆಯ ಕೆಲವರು ಹಿಟ್ಟಿನ ಗಂಟು ಹೊತ್ತುಕೊಂಡು ಓಣಿಯೊಳಗೆ ಬಂದರು. ಅರ್ಧ ಮುಚ್ಚಿದ ಬಾಗಿಲು ಕಂಡು ಅವರ ಮುಖ ಇಳಿಯಿತು.

"ಏನ್ರಿ, ಖಾನಾವಳಿ ಬಂದ್ ಆತೇನು?"

"ಇಲ್ರಿ" ಎಂದ ಹೇಮಪ್ಪ. "ಒಬ್ಬರು ಉಣ್ಣಾಕತ್ಯಾರ. ತಡೀರಿ."